ರೇಸ್‌ಕೋರ್ಸ್ ಕೌಂಟರ್‌ಗೆ ಹೋಗುವ ಮುಂಚೆ ಈ ಲೆಕ್ಕ ನೋಡಿ

ಕುದುರೆ ಬಾಲಕ್ಕೆ ದುಡ್ಡು ಕಟ್ಟಿ ಮನೆ ಮಾರಿಕೊಂಡವರ ಕತೆ ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಆದರೆ ಆ ದುಡ್ಡು ಹೋಗಿದ್ದು ಎಲ್ಲಿಗೆ, ಗೆದ್ದವನಿಗೆ ಬಂದಿದ್ದು ಎಲ್ಲಿಂದ ಅಂತ ಕೇಳಿ ನೋಡಿ, ಕತೆ ಹೇಳುವವರೂ ಸುಮ್ಮನಾಗುತ್ತಾರೆ. ಇಲ್ಲಿ ಅದನ್ನೇ ಒಂದೊಂದಾಗಿ ಬಿಡಿಸಿ ಹೇಳುತ್ತೇನೆ. ಗೆಲ್ಲುವ ಟಿಪ್ಸ್ ಬೇಕಿದ್ದವರು ಪುಟ ತಿರುಗಿಸಬಹುದು.

ಮೊದಲು ಕಾನೂನು

ಐಪಿಎಲ್ ಮ್ಯಾಚ್ ಮೇಲೆ ಬೆಟ್ಟಿಂಗ್ ಆಡುವುದು ಕರ್ನಾಟಕದಲ್ಲಿ ಅಪರಾಧ. ಮೊಬೈಲಿನಲ್ಲಿ ಆಡಿದರೂ ಅಷ್ಟೇ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದೆ. ‘ಐಡಿ ಕೊಡ್ತೀವಿ ಸರ್, ಗ್ರೂಪಿಗೆ ಸೇರ್ಕೊಳ್ಳಿ’ ಅನ್ನುವ ಮೆಸೇಜ್ ಬಂದರೆ ಬ್ಲಾಕ್ ಮಾಡಿ, ಗೆದ್ದ ದುಡ್ಡು ಕೊಡದಿದ್ದರೆ ಹೋಗಿ ದೂರು ಕೊಡುವುದಕ್ಕೂ ನಿಮಗೆ ಮುಖ ಇರುವುದಿಲ್ಲ.

ಕುದುರೆ ರೇಸ್ ವಿಷಯ ಬೇರೆ. ಅದು ಕೌಶಲದ ಆಟ ಅಂತ 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಮದ್ರಾಸಿನ ರೇಸ್ ಕ್ಲಬ್ ಕೇಸಿನಲ್ಲಿ. ಹಾಗಾಗಿ ಪರವಾನಗಿ ಇರುವ ಕ್ಲಬ್‌ನ ಆವರಣದೊಳಗೆ ಬೆಟ್ ಕಟ್ಟಬಹುದು. ನಮ್ಮಲ್ಲಿ ಅಂಥವು ಎರಡು: ರೇಸ್‌ಕೋರ್ಸ್ ರಸ್ತೆಯ ಬೆಂಗಳೂರು ಟರ್ಫ್ ಕ್ಲಬ್, ಚಾಮುಂಡಿ ಬೆಟ್ಟದ ಬುಡದ ಮೈಸೂರು ರೇಸ್ ಕ್ಲಬ್. ಕೋರ್ಟ್ ಕೌಶಲ ಅಂದದ್ದು ಕುದುರೆಯ ತಳಿ, ತರಬೇತಿ, ಜಾಕಿಯ ಕೈಚಳಕ ಇಂಥವನ್ನು ನೋಡಿ. ನಿಮ್ಮ ಜೇಬಿಗೆ ಅದು ಗ್ಯಾರಂಟಿ ಪತ್ರ ಅಲ್ಲ.

ರೇಸ್ ಬುಕ್ ಓದಿ

ಗೇಟ್ ಹತ್ತಿರ ಸಿಗುವ ರೇಸ್ ಬುಕ್ ಮೊದಲ ಸಲ ನೋಡಿದರೆ ತಲೆ ಕೆಡುತ್ತದೆ, ಎಲ್ಲಾ ಅಂಕಿಗಳೇ. ನಾಲ್ಕು ವಿಷಯ ಹುಡುಕಿ, ಸಾಕು. ರೇಸ್ ಎಷ್ಟು ಮೀಟರ್, ಯಾವ ಕ್ಲಾಸ್ (ಕುದುರೆಗಳ ಸಾಮರ್ಥ್ಯದ ದರ್ಜೆ), ಕುದುರೆ ಎಷ್ಟು ಕಿಲೋ ಹೊರುತ್ತದೆ, ಹಿಂದಿನ ಓಟಗಳಲ್ಲಿ ಎಷ್ಟನೇ ಸ್ಥಾನ ಬಂದಿತ್ತು. ಕಿಲೋ ಯಾಕೆ ಅಂದರೆ, ಹ್ಯಾಂಡಿಕ್ಯಾಪ್ ರೇಸಿನಲ್ಲಿ ಚೆನ್ನಾಗಿ ಓಡುವ ಕುದುರೆಗೆ ಜಾಸ್ತಿ ಭಾರ ಹೊರಿಸಿ ಎಲ್ಲರನ್ನೂ ಹತ್ತಿರ ಹತ್ತಿರ ತರುತ್ತಾರೆ. ಹೋದ ವಾರ ಸುಲಭವಾಗಿ ಗೆದ್ದ ಕುದುರೆ ಈ ವಾರ ಭಾರ ಹೆಚ್ಚಾಗಿ ಒದ್ದಾಡುವುದು ಅದಕ್ಕೇ. 1200 ಮೀಟರ್‌ನಲ್ಲಿ ಬಾಣದ ಹಾಗೆ ಓಡಿದ್ದು 1600ರಲ್ಲಿ ಸುಸ್ತಾಗಿ ಹಿಂದೆ ಬೀಳುವುದೂ ಉಂಟು.

ದುಡ್ಡು ಎಲ್ಲಿಂದ ಬರುತ್ತದೆ

ಮುಖ್ಯ ವಿಷಯ ಇದೇ, ಸ್ವಲ್ಪ ನಿಧಾನವಾಗಿ ಓದಿ.

ಕ್ಲಬ್ ನಡೆಸುವ ಕೌಂಟರ್‌ಗೆ ಟೋಟ್ ಅನ್ನುತ್ತಾರೆ. ಅಲ್ಲಿ ನೀವು ಕ್ಲಬ್ ವಿರುದ್ಧ ಆಡುತ್ತಿಲ್ಲ, ಪಕ್ಕದ ಸಾಲಿನಲ್ಲಿ ನಿಂತವನ ವಿರುದ್ಧ ಆಡುತ್ತಿದ್ದೀರಿ. ಎಲ್ಲರ ದುಡ್ಡೂ ಒಂದು ಪೂಲ್‌ಗೆ ಬೀಳುತ್ತದೆ, ಕ್ಲಬ್ ತನ್ನ ಪಾಲು ಮುರಿದುಕೊಳ್ಳುತ್ತದೆ, ಉಳಿದದ್ದನ್ನು ಗೆದ್ದವರು ಹಂಚಿಕೊಳ್ಳುತ್ತಾರೆ. ಒಂದು ರೇಸಿನ ವಿನ್ ಪೂಲ್, ಅಂದರೆ ಮೊದಲು ಬರುವ ಕುದುರೆಗೆ ಅಂತ ಜನ ಕಟ್ಟಿದ ಒಟ್ಟು ದುಡ್ಡು, 1,00,000 ರೂಪಾಯಿ ಅಂತಿಟ್ಟುಕೊಳ್ಳಿ. ಶೇ 20 ಮುರಿದರು ಅಂದರೆ 80,000 ಉಳಿಯಿತು. 3ನೇ ನಂಬರ್ ಕುದುರೆ ಮೇಲೆ ಜನ 25,000 ಕಟ್ಟಿದ್ದಾರೆ, ಅದೇ ಗೆದ್ದಿತು. 80,000ವನ್ನು 25,000ದಿಂದ ಭಾಗಿಸಿದರೆ 3.2. ಅಂದರೆ 10 ರೂಪಾಯಿಗೆ 32. ಮಾರನೇ ದಿನ ಪೇಪರಿನಲ್ಲಿ ‘ವಿನ್ 32’ ಅಂತ ಬರುವುದು ಇದೇ. ನೀವು ಕಟ್ಟಿದ 10 ಕೂಡ ಅದರೊಳಗೇ ಇದೆ, ಲಾಭ 22 ಮಾತ್ರ. ಇನ್ನೊಂದು ವಿಷಯ, ನೀವು ಟಿಕೆಟ್ ತೆಗೆದುಕೊಂಡಾಗ ಬೋರ್ಡಿನಲ್ಲಿ ಕಂಡ ರೇಟು ಕೊನೇ ರೇಟಲ್ಲ. ರೇಸ್ ಶುರುವಾಗುವವರೆಗೂ ಅದು ಬದಲಾಗುತ್ತಲೇ ಇರುತ್ತದೆ.

ಪರವಾನಗಿ ಪಡೆದ ಬುಕ್ಕಿಗಳು ಇರುವ ಕಡೆ ಹಾಗಲ್ಲ. ಅವರು ಹೇಳಿದ ರೇಟಿಗೆ ಬೆಟ್ ಕಟ್ಟಿದರೆ ಅದೇ ರೇಟು. 4/1 ಅಂದರೆ 100 ಕಟ್ಟಿದರೆ 400 ಲಾಭ, ನಿಮ್ಮ 100 ವಾಪಸ್. 5/2 ಅಂದರೆ 100ಕ್ಕೆ 250 ಲಾಭ. ಈ ರೇಟನ್ನು ಶೇಕಡಾ ಮಾಡಿ ನೋಡುವುದು ಕಲಿತರೆ ಅರ್ಧ ವಿದ್ಯೆ ಬಂದ ಹಾಗೆ: ಎರಡೂ ಅಂಕಿ ಕೂಡಿಸಿ, ಅದರಿಂದ ಎರಡನೇ ಅಂಕಿಯನ್ನು ಭಾಗಿಸಿ, ನೂರರಿಂದ ಗುಣಿಸಿ. 4/1ಕ್ಕೆ ಶೇ 20 ಬರುತ್ತದೆ. ಐದು ಕುದುರೆಗಳ ರೇಸಿನಲ್ಲಿ 1/1, 2/1, 4/1, 9/1, 9/1 ಇದ್ದರೆ 50, 33, 20, 10, 10. ಕೂಡಿಸಿ, 123. ಗೆಲ್ಲುವುದು ಒಂದೇ ಕುದುರೆ, ಹಾಗಾಗಿ ನಿಜವಾದ ಮೊತ್ತ 100 ಇರಬೇಕಿತ್ತು ಅಲ್ವಾ? ಮೇಲಿನ 23 ಬುಕ್ಕಿಯ ರೇಟಿನಲ್ಲೇ ಅಡಗಿ ಕೂತಿದೆ. ಅವನಿಗೆ ಯಾವ ಕುದುರೆ ಗೆದ್ದರೂ ನಷ್ಟ ಆಗದ ಹಾಗೆ ರೇಟು ಏರಿಸಿ ಇಳಿಸುವುದೇ ಕೆಲಸ.

ಬೆಟ್‌ಗಳು ಎಷ್ಟು ಥರ

ವಿನ್ ಅಂದರೆ ನಿಮ್ಮ ಕುದುರೆ ಮೊದಲು ಬರಬೇಕು. ಪ್ಲೇಸ್ ಅಂದರೆ ಮೊದಲ ಎರಡು ಅಥವಾ ಮೂರರೊಳಗೆ ಬಂದರೂ ಆಯ್ತು, ಎಷ್ಟು ಕುದುರೆ ಓಡುತ್ತಿವೆ ಅನ್ನುವುದರ ಮೇಲೆ ಅದು ನಿರ್ಧಾರ. ಸುರಕ್ಷಿತ ಅಂತ ಹೊಸಬರು ಪ್ಲೇಸ್‌ಗೇ ಬೀಳುತ್ತಾರೆ. ಫೇವರಿಟ್ ಕುದುರೆ (ಗೆಲ್ಲುತ್ತದೆ ಅಂತ ಜನ ಹೆಚ್ಚು ನಂಬಿದ್ದು) ಪ್ಲೇಸ್‌ಗೆ 10 ರೂಪಾಯಿಗೆ 11, 12 ಕೊಟ್ಟರೆ ಏನು ಮಾಡುತ್ತೀರಿ? ತೆರಿಗೆ ಲೆಕ್ಕ ಕೆಳಗೆ ಬರುತ್ತದೆ, ಆಗ ಇದು ಎಷ್ಟು ದುಬಾರಿ ಅಂತ ಗೊತ್ತಾಗುತ್ತದೆ.

ಎಸ್‌ಎಚ್‌ಪಿ (ಸೆಕೆಂಡ್ ಹಾರ್ಸ್ ಪೂಲ್) ಅಂದರೆ ಸರಿಯಾಗಿ ಎರಡನೇ ಸ್ಥಾನಕ್ಕೆ ಬರುವ ಕುದುರೆ. ಅದು ಗೆದ್ದುಬಿಟ್ಟರೆ ನೀವು ಸೋತಿರಿ, ವಿಚಿತ್ರ ಬೆಟ್.

ಫೋರ್‌ಕಾಸ್ಟ್‌ನಲ್ಲಿ ಮೊದಲ ಎರಡು ಕುದುರೆಗಳನ್ನು ಬಂದ ಕ್ರಮದಲ್ಲೇ ಹೇಳಬೇಕು. ಕ್ವಿನೆಲ್ಲಾದಲ್ಲಿ ಹಿಂದೆ ಮುಂದೆ ಆದರೂ ನಡೆಯುತ್ತದೆ. ನಾಲ್ಕು ಕುದುರೆ ಇಟ್ಟುಕೊಂಡು ಯಾವ ಎರಡು ಬಂದರೂ ಸಿಗಲಿ ಅಂತ ಕ್ವಿನೆಲ್ಲಾ ಕಟ್ಟಿದರೆ ಆರು ಟಿಕೆಟ್ ಆಯ್ತು, ಅದನ್ನೇ ಫೋರ್‌ಕಾಸ್ಟ್ ಮಾಡಿದರೆ ಹನ್ನೆರಡು. ಗೆಲ್ಲುವುದು ಒಂದೇ, ಉಳಿದವು ಕಸದ ಬುಟ್ಟಿಗೆ. ಟ್ರಿನೆಲ್ಲಾ, ಎಕ್ಸಾಕ್ಟಾ ಮೂರು, ನಾಲ್ಕು ಕುದುರೆಗಳವರೆಗೆ ಹೋಗುತ್ತವೆ. ಮೊದಮೊದಲು ಅವುಗಳ ಕಡೆ ತಲೆ ಹಾಕಬೇಡಿ.

ಟ್ರೆಬಲ್‌ಗೆ ಮೂರು ರೇಸ್ ಗೆಲ್ಲುವ ಕುದುರೆ ಹೇಳಬೇಕು, ಜಾಕ್‌ಪಾಟ್‌ಗೆ ಐದು. ಜಾಕ್‌ಪಾಟ್‌ನಲ್ಲಿ ಒಂದೊಂದು ರೇಸಿಗೆ 2, 3, 1, 2, 2 ಕುದುರೆ ಆರಿಸಿದರೆ ಗುಣಿಸಿ, 24. ತಲಾ 10 ರೂಪಾಯಿ ಅಂದರೆ 240. ಇನ್ನೊಂದು ರೇಸಿನಲ್ಲಿ ಒಂದೇ ಒಂದು ಕುದುರೆ ಸೇರಿಸಿ, ಸುಮ್ನೆ ಹಾಗೇ, 1 ಇದ್ದ ಕಡೆ 2 ಮಾಡಿ, 480 ಆಗಿಬಿಡುತ್ತದೆ. ಜನ ಜಾಸ್ತಿ ದುಡ್ಡು ಕಳೆದುಕೊಳ್ಳುವುದು ‘ಇದೊಂದು ಇರಲಿ’ ಅನ್ನುವ ಈ ಮಾತಿನಲ್ಲೇ ಅಂತ ನನ್ನ ಅಭಿಪ್ರಾಯ.

ತೆರಿಗೆ

2023ರ ಅಕ್ಟೋಬರ್‌ನಿಂದ ಬೆಟ್‌ನ ಪೂರ್ತಿ ಮೊತ್ತದ ಮೇಲೆ ಶೇ 28 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40. ಗೆದ್ದರೂ ಸೋತರೂ ಇದು ಹೋಗುತ್ತದೆ. 100 ರೂಪಾಯಿ ಬೆಟ್‌ಗೆ ತೆರಿಗೆ ಸೇರಿಸಿ 140 ಕೊಟ್ಟಿರಿ ಅಂದುಕೊಳ್ಳಿ. 1/1 ರೇಟಿನಲ್ಲಿ ಗೆದ್ದರೆ ಕೈಗೆ 200 ಬರುತ್ತದೆ, ಅಂದರೆ 60 ಲಾಭ. ಸೋತರೆ 140 ಹೋಯಿತು. ಅಸಲು ಉಳಿಯಬೇಕಾದರೂ ಇಂಥ ಹತ್ತು ಬೆಟ್‌ನಲ್ಲಿ ಏಳು ಗೆಲ್ಲಬೇಕು. ಮೇಲೆ ಹೇಳಿದ ಪ್ಲೇಸ್ ನೆನಪಿದೆಯಲ್ಲ, 14 ಕೊಟ್ಟು 12 ತೆಗೆದುಕೊಳ್ಳುವ ಗೆಲುವು ಅದು.

ಇದಕ್ಕೇ ಮನೆಯಿಂದ ಹೊರಡುವಾಗಲೇ ಹೋದರೂ ಪರವಾಗಿಲ್ಲ ಅನ್ನುವಷ್ಟು ನೋಟು ಜೇಬಿಗೆ ಹಾಕಿ, ಫೋನಿನಲ್ಲಿ ಯಾರ ಹತ್ತಿರವೂ ತರಿಸಿಕೊಳ್ಳಬೇಡಿ. ಸಾಲ ಮಾಡಿ ಆಡುವ ಹಂತಕ್ಕೆ ಯಾರಾದರೂ ಹೋಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಗೆದ್ದರೆ

ರೇಸ್ ಮುಗಿದ ತಕ್ಷಣ ಟಿಕೆಟ್ ಹರಿಯಬೇಡಿ. ಫೋಟೋ ಫಿನಿಶ್ (ಫೋಟೋ ನೋಡಿ ಯಾರು ಮೊದಲು ಅಂತ ತೀರ್ಮಾನಿಸುವುದು) ಇರಬಹುದು, ಒಬ್ಬ ಜಾಕಿ ಇನ್ನೊಬ್ಬನ ದಾರಿಗೆ ಅಡ್ಡ ಬಂದ ಅಂತ ತಕರಾರು ಬಂದು ಕ್ರಮವೇ ಬದಲಾಗಬಹುದು. ಬೋರ್ಡಿನಲ್ಲಿ ಡಿವಿಡೆಂಡ್ (ಗೆದ್ದ ಟಿಕೆಟ್‌ಗೆ ಸಿಗುವ ದುಡ್ಡು) ಬರುವವರೆಗೆ ಕಾಯಿರಿ. 10,000 ದಾಟಿದ ಗೆಲುವಿಗೆ ಶೇ 30 ಟಿಡಿಎಸ್ ಹಿಡಿಯುತ್ತಾರೆ, ಪ್ಯಾನ್ ನಂಬರ್ ಇಟ್ಟುಕೊಂಡಿರಿ. ಅದಕ್ಕಿಂತ ಕಡಿಮೆ ಗೆದ್ದರೂ ಐಟಿ ರಿಟರ್ನ್‌ನಲ್ಲಿ ತೋರಿಸಬೇಕು, ದರ ಶೇ 30ರದ್ದೇ. ಶನಿವಾರ 20,000 ಗೆದ್ದು ಭಾನುವಾರ 20,000 ಸೋತರೂ ಸೋತದ್ದನ್ನು ಕಳೆಯಲು ಬಿಡುವುದಿಲ್ಲ, ಗೆದ್ದ 20,000ಕ್ಕೆ ಪೂರ್ತಿ ತೆರಿಗೆ ಕಟ್ಟಬೇಕು.