ಹಳೆಯ 911ರ ಇಂಜಿನ್ ಫೋಮ್ ತೆಗೆಯಬೇಕೇ?

1998ರವರೆಗಿನ ಏರ್-ಕೂಲ್ಡ್ ಪೋರ್ಷೆ 911 ಇಟ್ಟುಕೊಂಡವರು ಕಾರಿನ ಹಿಂಭಾಗದಲ್ಲಿರುವ ಇಂಜಿನ್ ಮುಚ್ಚಳ ಎತ್ತಿ, ಕ್ಯಾಬಿನ್ ಕಡೆಯ ಗೋಡೆಗೆ ಅಂಟಿರುವ, ಸದ್ದು-ಬಿಸಿ ತಡೆಯುವ ಕಪ್ಪು ಫೋಮನ್ನು ಬೆರಳಿನಿಂದ ಒತ್ತಿ ನೋಡಿ. ರಸ್ಕಿನ ಪುಡಿಯಂತೆ ಉದುರಿದರೆ, ಇಲ್ಲವೇ ಕೈಗೆ ಎಣ್ಣೆ ಹತ್ತಿದರೆ, ದಯವಿಟ್ಟು ಹಾಗೇ ಬಿಡಬೇಡಿ. ಈ ಇಂಜಿನ್‌ಗೆ ನೀರಿನ ರೇಡಿಯೇಟರ್ ಇಲ್ಲ, ತಣ್ಣಗಿರಲು ಫ್ಯಾನ್ ಗಾಳಿ ಬೇಕೇ ಬೇಕು. ಉದುರಿದ ಚೂರುಗಳನ್ನು ಅದೇ ಫ್ಯಾನ್ ಎಳೆದುಕೊಂಡು ಸಿಲಿಂಡರಿನ ಶಾಖ ಹೊರಹಾಕುವ ಲೋಹದ ಪಟ್ಟಿಗಳ (ಫಿನ್) ಸಂದಿಗೆ ತುರುಕುತ್ತದೆ. ಅಲ್ಲಿ ಗಾಳಿ ಆಡದೆ ಶಾಖ ಕಟ್ಟಿಕೊಳ್ಳುತ್ತದೆ. ಎಣ್ಣೆ ಕುಡಿದ ಫೋಮಿಗೆ ಬೆಂಕಿ ಹತ್ತುವುದೂ ಸುಲಭ.

ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ಕಳಚಿ. ಫ್ಯಾನಿನ ಬಾಯಿಗೆ ಬಟ್ಟೆ ಮುಚ್ಚಿ ಟೇಪ್ ಹಾಕಿ, ಮಾಸ್ಕ್ ಧರಿಸಿ, ಫೋಮ್ ಮೇಲೆ ತುಸು ನೀರು ಚಿಮುಕಿಸಿ. ಪುಡಿ ಹಾರುವುದಿಲ್ಲ. ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಮೇಲಿನಿಂದ ಕೆಳಕ್ಕೆ ಕೆರೆಯಿರಿ, ಜೊತೆಜೊತೆಗೇ ವ್ಯಾಕ್ಯೂಮ್ ಹಿಡಿಯಿರಿ. ಅಂಟು ಬಿಡಿಸಲು ಹೀಟ್ ಗನ್ ಬೇಡವೇ ಬೇಡ, ಪಕ್ಕದಲ್ಲೇ ಪೆಟ್ರೋಲ್ ಪೈಪುಗಳಿವೆ. ಟರ್ಪೆಂಟೈನ್ ಅದ್ದಿದ ಬಟ್ಟೆ ಸಾಕು, ಗಾಳಿಯಾಡುವ ಜಾಗದಲ್ಲಿ. ಕೊನೆಗೆ ಮುಚ್ಚಿದ ಬಟ್ಟೆ ತೆಗೆದಿದ್ದೀರಾ ಎಂದು ನೋಡಿಯೇ ಸ್ಟಾರ್ಟ್ ಮಾಡಿ.

ಹೊಸ ಪ್ಯಾಡ್ ಹಾಕದೆ ಗೋಡೆಯನ್ನು ಬೋಳಾಗಿ ಬಿಟ್ಟರೆ ಇಂಜಿನ್‌ಗೆ ತೊಂದರೆಯಿಲ್ಲ. ಆದರೆ ಕ್ಯಾಬಿನ್‌ಗೆ ಸದ್ದು, ಬಿಸಿ ಎರಡೂ ಹೆಚ್ಚು, ಕಡಿಮೆಯಾಗುವ ತೂಕವೂ ಅತ್ಯಲ್ಪ. ರಸ್ತೆಯಲ್ಲಿ ಓಡಿಸುವ ಕಾರಿಗೆ ಬೆಂಕಿ ತಡೆಯುವ, ಅಲ್ಯೂಮಿನಿಯಂ ಹಾಳೆ ಹೊದಿಸಿದ ಹೊಸ ಪ್ಯಾಡ್ ಹಾಕುವುದೇ ಸರಿ. ಕತ್ತರಿಸಿದ ಅಂಚಿಗೆಲ್ಲ ಅಲ್ಯೂಮಿನಿಯಂ ಟೇಪ್ ಸುತ್ತಿ. ಅಂಟನ್ನೊಂದೇ ನಂಬಬೇಡಿ, ಬಿಸಿಗೆ ಸಡಿಲವಾಗುತ್ತದೆ. ಲೋಹದ ಕ್ಲಿಪ್ಪುಗಳನ್ನೂ ಹಾಕಿ.

ಮುಂದೆ ಇಂಜಿನ್ ಇರುವ ಟರ್ಬೊ ಕಾರುಗಳ ಮಾತು ಬೇರೆ: ಬಾನೆಟ್ ಒಳಬದಿಯ ಪ್ಯಾಡ್ ಹಾಳಾಗದೆ ಚೆನ್ನಾಗಿದ್ದರೆ ಮುಟ್ಟಬೇಡಿ, ಅದು ಮೇಲಿನ ಪೇಂಟನ್ನು ಶಾಖದಿಂದ ಕಾಯುತ್ತದೆ.