ಬಾಕ್ಸರ್ ಪ್ರೊ ರೆಸ್ಲಿಂಗ್‌ಗೆ ಬಂದರೆ ಮೊದಲು ಕಲಿಯಬೇಕಾದದ್ದು

ಬಾಕ್ಸಿಂಗ್‌ನಲ್ಲಿ ಒಂದಷ್ಟು ಪಂದ್ಯಗಳನ್ನಾಡಿ, ಈಗ ಪ್ರೊ ರೆಸ್ಲಿಂಗ್ ಕಡೆಗೆ ಹೊರಳಬೇಕೆಂದಿರುವವರಿಗೆ ಈ ಬರಹ. ಸೋಲು-ಗೆಲುವು ಮೊದಲೇ ನಿಗದಿಯಾಗಿ, ಇಬ್ಬರೂ ಕೂಡಿ ಪ್ರೇಕ್ಷಕರಿಗಾಗಿ ಆಡಿ ತೋರಿಸುವ ಕುಸ್ತಿ ಅದು. ಫ್ಲಾರಿಡಾದಲ್ಲಿ ನಾನು ಬಾಕ್ಸಿಂಗ್ ಕಲಿಸುತ್ತೇನೆ; ನನ್ನ ಕೈಯಲ್ಲಿ ಪಳಗಿದ ಕೆಲವರು ರೆಸ್ಲಿಂಗ್ ಶಾಲೆ ಸೇರಿದ್ದಾರೆ. ಹೊಡೆಯಲು ಬರುತ್ತದೆ, ಇನ್ನೇನು ಬೇಕು ಎಂಬ ಧೈರ್ಯದಲ್ಲೇ ಎಲ್ಲರೂ ಹೋಗುತ್ತಾರೆ. ಆ ಹೊಡೆತವೇ ಅಲ್ಲಿ ತೊಡಕಾಗುತ್ತದೆ.

ಮೊದಲು ಬೀಳುವುದನ್ನು ಕಲಿಯಿರಿ. ನಮ್ಮ ದಾವಣಗೆರೆಯ ಗರಡಿಗಳಲ್ಲಿ ಬೆನ್ನು ಮಣ್ಣಿಗೆ ತಾಗಿತೆಂದರೆ ಪೈಲ್ವಾನ ಚಿತ್, ಆಟ ಮುಗಿಯಿತು. ಇಲ್ಲಿ ಬೆನ್ನು ತಾಗಿಸುವುದೇ ಮೊದಲ ಪಾಠ. ಕುಕ್ಕರುಗಾಲಿನಲ್ಲಿ ಕುಳಿತು ಹಿಂದಕ್ಕೆ ಉರುಳುವುದರಿಂದ ಶುರು ಮಾಡಿ. ನಿಂತು ಬೀಳುವುದು ಆಮೇಲೆ. ಗದ್ದ ಎದೆಗೆ ಒತ್ತಿರಬೇಕು. ಈ ಅಭ್ಯಾಸ ಬಾಕ್ಸರ್‌ಗೆ ಹೇಗೂ ಇರುತ್ತದೆ, ಅದೊಂದು ಪುಣ್ಯ. ಬೆನ್ನಿನ ಮೇಲ್ಭಾಗ ಮತ್ತು ಎರಡೂ ಅಂಗೈಗಳು ಒಂದೇ ಕ್ಷಣದಲ್ಲಿ ನೆಲಕ್ಕೆ ಬಡಿಯಬೇಕು, ಉಸಿರು ಹೊರಗೆ ಹೋಗಬೇಕು. ಹೆದರಿ ಕೈಯನ್ನು ಹಿಂದಕ್ಕೆ ಊರಿದರೆ ಮಣಿಕಟ್ಟು ಹೋಯಿತೆಂದೇ ತಿಳಿಯಿರಿ.

ಹಗ್ಗಗಳು ಬಾಕ್ಸಿಂಗ್‌ನಲ್ಲಿ ನಾಲ್ಕು, ಇಲ್ಲಿ ಮೂರು. ಓಡಿ ಹೋಗಿ ಅವಕ್ಕೆ ಬೆನ್ನು ಕೊಟ್ಟು ಮರಳುವಾಗ ಮೇಲಿನ ಹಗ್ಗವನ್ನು ಕೈಯಲ್ಲಿ ಹಿಡಿದಿರಿ. ಶುರುವಿನಲ್ಲಿ ಪಕ್ಕೆ ನೀಲಿಗಟ್ಟುವುದು ಸಹಜ.

ಇನ್ನು ಗುದ್ದು. ತೋಳನ್ನು ಹಿಂದಕ್ಕೆಳೆಯಬೇಡ, ಕಣ್ಣಲ್ಲೂ ಸುಳಿವು ಕೊಡಬೇಡ ಎಂದು ನಾನೇ ಹುಡುಗರನ್ನು ಗದರುತ್ತೇನೆ. ರೆಸ್ಲಿಂಗ್‌ನಲ್ಲಿ ಎಲ್ಲವೂ ಉಲ್ಟಾ. ತೋಳು ಹಿಂದಕ್ಕೆ ಹೋಗಿದ್ದು ಕೊನೆಯ ಸಾಲಿನ ಕುರ್ಚಿಯಲ್ಲಿರುವವನಿಗೂ ಕಾಣಬೇಕು. ಸೊಂಟ ಪೂರ್ತಿ ತಿರುಗಲಿ, ಆದರೆ ಆ ಬಲ ಭುಜದಲ್ಲೇ ನಿಲ್ಲಲಿ. ಮುಷ್ಟಿ ಸಡಿಲವಾಗಿರಲಿ, ಗುರಿ ದವಡೆಯ ಬದಲು ಹಣೆಯಾಗಿರಲಿ. ಅದೇ ಗಳಿಗೆಗೆ ಪಾದವನ್ನು ನೆಲಕ್ಕೆ ಅಪ್ಪಳಿಸಿದರೆ ಸದ್ದು ಬರುತ್ತದೆ. ಕನ್ನಡಿಯ ಮುಂದೆ ನಿಧಾನವಾಗಿ ಅಭ್ಯಾಸ ಮಾಡಿ. ಬ್ಯಾಗ್ ಹೊಡೆಯುತ್ತಾ ಇದನ್ನು ಕಲಿಯಲು ಹೋಗಬೇಡಿ, ಹಳೆಯ ವೇಗ ತಾನಾಗಿಯೇ ನುಗ್ಗುತ್ತದೆ.

ಗುದ್ದು ತಿಂದಾಗಲೂ ಇದೇ ಮಾತು. ಯಕೃತ್ತಿನ ಮೇಲೆ ಹೊಡೆತ ಬಿದ್ದರೂ ಮುಖ ಅಲುಗದಂತೆ ನಿಲ್ಲುವುದು ಬಾಕ್ಸರ್‌ನ ವಿದ್ಯೆ. ಇಲ್ಲಿ ಹಾಗೆ ನಿಂತರೆ ಎದುರಾಳಿಯ ಇಡೀ ಶ್ರಮ ವ್ಯರ್ಥ. ಮೊಣಕಾಲಿಗೆ ಪೆಟ್ಟು ಬಿತ್ತೆಂದು ತೋರಿಸಿದ ಮೇಲೆ ಹತ್ತು ನಿಮಿಷದ ನಂತರವೂ ಅದೇ ಕಾಲು ಕುಂಟಬೇಕು. ಅಮೆರಿಕದಲ್ಲಿ ಪಟ್ಟುಗಳನ್ನು ಸಾಮಾನ್ಯವಾಗಿ ಎಡಗೈ, ಎಡಗಾಲಿಗೆ ಹಾಕುತ್ತಾರೆ, ಮೆಕ್ಸಿಕೋದಲ್ಲಿ ಬಲಕ್ಕೆ. ಯಾವ ಶಾಲೆಗೆ ಸೇರುತ್ತೀರೋ ಅಲ್ಲಿನ ಪದ್ಧತಿಯನ್ನು ಮೊದಲೇ ಕೇಳಿಕೊಳ್ಳಿ.

ನೋಡಿ ಕಲಿಯಬೇಕೆಂದರೆ ಮಾರ್ಕ್ ಮೆರೋ ಅವರ ಪಂದ್ಯಗಳನ್ನು ಹುಡುಕಿ. ಹವ್ಯಾಸಿ ಬಾಕ್ಸಿಂಗ್‌ನಿಂದ ಬಂದ ಈ ಮನುಷ್ಯ 1991ರಲ್ಲಿ ಅಮೆರಿಕದ ಡಬ್ಲ್ಯೂಸಿಡಬ್ಲ್ಯೂ ಎಂಬ ರೆಸ್ಲಿಂಗ್ ಸಂಸ್ಥೆಯಲ್ಲಿ ಜಾನಿ ಬಿ. ಬ್ಯಾಡ್ ಎಂಬ ಹೆಸರಿನಲ್ಲಿ, ಥಳಕು ವೇಷದಲ್ಲಿ ಕಣಕ್ಕಿಳಿದರು. ಎಡಗೈ ಹುಕ್, ಅಂದರೆ ಮೊಣಕೈ ಬಾಗಿಸಿ ಪಕ್ಕದಿಂದ ಬೀಸುವ ಗುದ್ದು, ಬಿತ್ತೆಂದರೆ ಎದುರಾಳಿ ಮಲಗಿದ ಹಾಗೆಯೇ. ಪ್ರೇಕ್ಷಕರು ಅದಕ್ಕಾಗಿಯೇ ಕಾಯುತ್ತಿದ್ದರು. 1996ರಲ್ಲಿ ಎದುರಾಳಿ ಸಂಸ್ಥೆ ಡಬ್ಲ್ಯೂಡಬ್ಲ್ಯೂಎಫ್‌ಗೆ (ಈಗಿನ ಡಬ್ಲ್ಯೂಡಬ್ಲ್ಯೂಇ) ಹೋಗಿ ಅದೇ ವರ್ಷ ಅಲ್ಲಿನ ಇಂಟರ್‌ಕಾಂಟಿನೆಂಟಲ್ ಪಟ್ಟ ಗೆದ್ದರು. ಮರುವರ್ಷ ಮೊಣಕಾಲಿಗೆ ಪೆಟ್ಟಾಗಿ, ಚೇತರಿಸಿಕೊಂಡು ಬರುವಾಗ ಬಾಕ್ಸರ್ ವೇಷವನ್ನೇ ತೊಟ್ಟು ಬಂದರು. ನನಗೇನೋ ಹಳೆಯ ಜಾನಿಯೇ ಇಷ್ಟ. ಬಾಕ್ಸರ್ ಎಂದು ಸಾರಿಕೊಂಡು ಬಂದವನು ಗುದ್ದಿದರೆ ಯಾರಿಗೆ ಅಚ್ಚರಿ? ನೀವು ಕೂಡ ನಿಮ್ಮ ಅತ್ಯುತ್ತಮ ಹೊಡೆತ ಒಂದನ್ನು ಆಯ್ದುಕೊಳ್ಳಿ, ಪಂದ್ಯದ ಕೊನೆಯವರೆಗೆ ಅದನ್ನು ಮುಟ್ಟಬೇಡಿ.

ನಿಜವಾದ ಹೊಡೆದಾಟಕ್ಕೆ ಯಾರಾದರೂ ಕರೆದರೆ ನಿಯಮ ಓದದೆ ಒಪ್ಪಬೇಡಿ. 1998ರಲ್ಲಿ ಡಬ್ಲ್ಯೂಡಬ್ಲ್ಯೂಎಫ್ 'ಬ್ರಾಲ್ ಫಾರ್ ಆಲ್' ಎಂಬ ಅಸಲಿ ಪಂದ್ಯಾವಳಿ ನಡೆಸಿತು. ಒಂದು ಸುತ್ತಿನಲ್ಲಿ ಹೆಚ್ಚು ಗುದ್ದಿದವನಿಗೆ ಐದು ಅಂಕ. ಎದುರಾಳಿಯನ್ನು ಎತ್ತಿ ಕೆಡವಿದರೆ ಪ್ರತಿ ಸಲವೂ ಐದು ಅಂಕ. ಬಾಕ್ಸರ್ ಆಗಿದ್ದ ಮೆರೋ ತಮ್ಮ ಮೊದಲ ಪಂದ್ಯದಲ್ಲೇ ಸ್ಟೀವ್ ಬ್ಲ್ಯಾಕ್‌ಮನ್‌ಗೆ ಸೋತರು. ಪಂದ್ಯಾವಳಿ ಗೆದ್ದ ಬಾರ್ಟ್ ಗನ್‌ನನ್ನು ಮರುವರ್ಷ ಸಂಸ್ಥೆಯ ವಾರ್ಷಿಕ ದೊಡ್ಡ ಪ್ರದರ್ಶನವಾದ ರೆಸಲ್‌ಮೇನಿಯಾದಲ್ಲಿ ವೃತ್ತಿಪರ ಬಾಕ್ಸರ್ ಬಟರ್‌ಬೀನ್ ಎದುರು ನಿಲ್ಲಿಸಿದರು. ಗನ್ ಒಂದು ನಿಮಿಷವೂ ಬಾಳಲಿಲ್ಲ.

ದುಡ್ಡಿನ ಮಾತು. 1933ರಲ್ಲಿ ವಿಶ್ವ ಹೆವಿವೇಟ್ ಪಟ್ಟ ಗೆದ್ದ ಇಟಲಿಯ ಪ್ರಿಮೊ ಕಾರ್ನೆರಾ ಅವರ ಬಾಕ್ಸಿಂಗ್ ಗಳಿಕೆಯ ಬಹುಪಾಲು ಸುತ್ತಲಿದ್ದವರ ಜೇಬು ಸೇರಿತ್ತು. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಕುಸ್ತಿಯಾಡಿ ಅವರು ಮತ್ತೆ ನೆಲೆ ಕಂಡುಕೊಂಡರು. ಬಾಕ್ಸಿಂಗ್‌ನ ಮಾಜಿ ವಿಶ್ವ ಹೆವಿವೇಟ್ ಚಾಂಪಿಯನ್ ಜೋ ಲೂಯಿಸ್ ತೆರಿಗೆ ಬಾಕಿಯ ಒತ್ತಡದಲ್ಲಿ 1956ರಲ್ಲಿ ಈ ಕಣಕ್ಕಿಳಿದು, ಎದೆಗೆ ಪೆಟ್ಟು ತಿಂದರು. ಸಾಲ ತೀರಿಸುವ ಅವಸರದಲ್ಲಿ ಬರುವವರಿಗೆ ನಾನು ಬೇಡವೆಂದೇ ಹೇಳುತ್ತೇನೆ. ಹೊಸಬರಿಗೆ ಸಿಗುವ ಹಣ ಕೆಲವೊಮ್ಮೆ ಪೆಟ್ರೋಲ್‌ಗೂ ಸಾಲದು. ಬೇರೊಂದು ಕೆಲಸ ಕೈಯಲ್ಲಿರಲಿ.

ಶಾಲೆ ಸೇರುವ ಮುನ್ನ ವೈದ್ಯರನ್ನು ಕಂಡು, ಬಾಕ್ಸಿಂಗ್‌ನಲ್ಲಿ ಪ್ರಜ್ಞೆ ತಪ್ಪಿದ ಪ್ರತಿಯೊಂದು ಸಂದರ್ಭವನ್ನೂ ಮುಚ್ಚಿಡದೆ ಹೇಳಿ. ಬೀಳುವ ಅಭ್ಯಾಸದಲ್ಲಿ ತಲೆ ಪದೇ ಪದೇ ಕುಲುಕುತ್ತದೆ. ತರಬೇತುದಾರನಿಗೂ ಅದೇ ಪಟ್ಟಿ ಕೊಡಿ. ಅದನ್ನು ಓದದೆ ನಿಮ್ಮನ್ನು ರಿಂಗಿಗೆ ಹತ್ತಿಸುವವನಾದರೆ ಶುಲ್ಕ ಕಟ್ಟದೆ ವಾಪಸ್ ಬನ್ನಿ.