ಸಂತೆ ದಿನದ ಗುಳಿಗೆ

ಶಿರಸಿಯಲ್ಲಿ ‘ಸಂಧಿವಾತ ತಜ್ಞ’ ಎಂಬ ಫಲಕ ಹಾಕಿ ಕುಳಿತ ಮೊದಲ ತಿಂಗಳು ನನ್ನ ಬಳಿ ಬಂದವರಲ್ಲಿ ಹೆಚ್ಚಿನವರು ಮೂಳೆ ಡಾಕ್ಟರನ್ನು ಹುಡುಕಿಕೊಂಡು ಬಂದವರೇ. “ಹಾಗಾದರೆ ನೀವು ಆಪರೇಷನ್ ಮಾಡುವುದಿಲ್ಲವೇ?” ಎಂದು ಕೇಳಿ, ಇಲ್ಲವೆಂದಾಗ ತುಸು ಬೇಸರದಿಂದಲೇ ಕೂರುತ್ತಿದ್ದರು. ಎಂಬಿಬಿಎಸ್ ಮುಗಿಸಿ, ಮೂರು ವರ್ಷ ಎಂಡಿ, ಮತ್ತೆ ಮೂರು ವರ್ಷ ಸಂಧಿವಾತಕ್ಕೆಂದೇ ಇರುವ ಡಿಎಂ ಓದಿ ಬಂದವನು ಬೆರಳಿನ ಗಂಟು ಒತ್ತಿ ನೋಡುತ್ತಾನೆ, ಹತ್ತಾರು ಪ್ರಶ್ನೆ ಕೇಳುತ್ತಾನೆ, ಒಂದು ಚೀಟಿ ಬರೆಯುತ್ತಾನೆ. ಇಷ್ಟಕ್ಕೆ ಫೀಸು ಬೇರೆ!

ಪ್ರಶ್ನೆ ಕೇಳುವುದನ್ನು ಓದುವಾಗ ಕಲಿತಿದ್ದೆ. ಊರಿಗೆ ತಕ್ಕಂತೆ ಕೇಳುವುದನ್ನು ಕಲಿತದ್ದು ಇಲ್ಲಿಗೆ ಬಂದ ಮೇಲೆ. “ಬೆಳಿಗ್ಗೆ ಎದ್ದಾಗ ಕೀಲುಗಳ ಬಿಗಿತ ಎಷ್ಟು ಹೊತ್ತು ಇರುತ್ತದೆ?” ಎಂದರೆ ಯಾರೂ ಸರಿಯಾಗಿ ಉತ್ತರಿಸುವುದಿಲ್ಲ. “ಇರುತ್ತದೆ ಸ್ವಲ್ಪ” ಎನ್ನುತ್ತಾರೆ. ಹಾಲು ಕರೆಯುವುದು ಯಾರು, ಮೊದಲಿನಂತೆ ಆಗುತ್ತದೆಯೇ, ತೆಳ್ಳೇವು ಎರೆಯುವುದನ್ನು ಸೊಸೆಗೆ ಬಿಟ್ಟುಕೊಟ್ಟು ಎಷ್ಟು ದಿನವಾಯಿತು ಎಂದು ಕೇಳಿದರೆ ರೋಗ ತಾನಾಗಿ ಮಾತಾಡುತ್ತದೆ. ಅಡಿಕೆ ಹಂಗಾಮಿನಲ್ಲಂತೂ ನನಗೆ ಒಂದೇ ಪ್ರಶ್ನೆ ಸಾಕು: ಮೆಟ್ಟುಗತ್ತಿಯ ಮುಂದೆ ಕುಳಿತಾಗ ನೋವು ಹೆಚ್ಚುತ್ತದೆಯೋ, ಇಳಿಯುತ್ತದೆಯೋ? ಸುಲಿದಷ್ಟೂ ಹೆಬ್ಬೆರಳಿನ ಬುಡ ನೋಯುತ್ತದೆ ಎಂದರೆ ಅದು ಹೆಚ್ಚಾಗಿ ಸವೆತ. “ಮೊದಲ ಒಂದು ತಾಸು ಕೈಯೇ ಮಡಚುವುದಿಲ್ಲ, ಆಮೇಲೆ ಕೈ ಬರುತ್ತದೆ” ಎಂದರೆ ನಾನು ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತೇನೆ. ಕೆಲಸ ಮಾಡಿದಂತೆ ಇಳಿಯುವ ನೋವು ಉರಿಯೂತದ್ದು. ಸವೆದ ಕೀಲನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲ, ಉರಿಯೂತಕ್ಕೆ ಇದೆ. ಅದೂ ಬೇಗ ಬಂದರೆ ಮಾತ್ರ. ಬೆರಳು ಸೊಟ್ಟಗಾದ ಮೇಲೆ ಅದನ್ನು ನೆಟ್ಟಗೆ ಮಾಡುವ ಗುಳಿಗೆ ನನ್ನ ಬಳಿ ಇಲ್ಲ.

ರಕ್ತ ಪರೀಕ್ಷೆಯ ಬಗ್ಗೆ ಒಂದು ಮಾತು ಹೇಳಿಯೇ ಬಿಡುತ್ತೇನೆ. ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿಬೀಳುವ ರುಮಟಾಯ್ಡ್ ಸಂಧಿವಾತದ ಸುಳಿವಿಗಾಗಿ ಮಾಡಿಸುವ ಪರೀಕ್ಷೆ ಆರ್‌ಎ ಫ್ಯಾಕ್ಟರ್. ‘ಆರ್‌ಎ ಫ್ಯಾಕ್ಟರ್ ಪಾಸಿಟಿವ್’ ಎಂಬ ಒಂದು ಹಾಳೆ ಹಿಡಿದು, ಅಳುತ್ತಾ ಬಂದವರನ್ನು ಸಮಾಧಾನಪಡಿಸುವುದರಲ್ಲೇ ನನ್ನ ಎಷ್ಟೋ ಬೆಳಗು ಕಳೆದಿದೆ. ಯಾವ ರೋಗವೂ ಇಲ್ಲದವರಲ್ಲಿ, ಅದರಲ್ಲೂ ವಯಸ್ಸಾದವರಲ್ಲಿ, ಅದು ಪಾಸಿಟಿವ್ ಬರಬಹುದು. ರೋಗ ಇರುವವರಲ್ಲಿ ನೆಗೆಟಿವ್ ಕೂಡ ಬರುತ್ತದೆ. ಮಳೆಗಾಲದಲ್ಲಿ ಚಿಕೂನ್‌ಗುನ್ಯಾ ಬಂದು ಹೋದವರ ಕೀಲುಗಳು ತಿಂಗಳುಗಟ್ಟಲೆ ಊದಿಕೊಂಡಿರುತ್ತವೆ. ಅವರಲ್ಲಿ ಬಹುಪಾಲು ಮಂದಿಗೆ ಬೇಕಾದದ್ದು ತಾಳ್ಮೆ. ಹಾಳೆ ನೋಡುವ ಮೊದಲು ಕೈ ನೋಡಿ ಎಂದು ಕಿರಿಯ ವೈದ್ಯರಿಗೆ ಹೇಳುತ್ತಲೇ ಇದ್ದೇನೆ.

ಇನ್ನು ಗುಳಿಗೆಯ ಕಥೆ. ರುಮಟಾಯ್ಡ್ ಸಂಧಿವಾತಕ್ಕೆ ನಾವು ಮೊದಲು ಬರೆಯುವುದು ಮೆಥೊಟ್ರೆಕ್ಸೇಟ್. ವಾರಕ್ಕೆ ಒಂದೇ ದಿನ. ಪರಿಣಾಮ ಕಾಣಲು ಆರರಿಂದ ಎಂಟು ವಾರ ಬೇಕು, ನಡುನಡುವೆ ರಕ್ತ ಮತ್ತು ಯಕೃತ್ತಿನ ಪರೀಕ್ಷೆ ಆಗಬೇಕು, ಗರ್ಭಿಣಿಯರಿಗೆ ಕೂಡದು. ಮೂಲತಃ ಇದು ಕ್ಯಾನ್ಸರ್ ಔಷಧಿ. ಇದನ್ನು ಯಾರಾದರೂ ಮೊಬೈಲಿನಲ್ಲಿ ಹುಡುಕಿ ಓದಿದರೋ, ಮರುದಿನ ನನ್ನ ಎದುರು ಇಡೀ ಕುಟುಂಬ ಹಾಜರು. ಆಗ ನಾನು ಯಲ್ಲಾಪ್ರಗಡ ಸುಬ್ಬರಾವ್ ಅವರ ಹೆಸರು ತೆಗೆಯುತ್ತೇನೆ. ಭೀಮಾವರಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಅವರು ಮುನ್ನಡೆಸಿದ ತಂಡವೇ 1940ರ ದಶಕದಲ್ಲಿ ಇದನ್ನು ತಯಾರಿಸಿದ್ದು. ಕ್ಯಾನ್ಸರಿಗೆ ಕೊಡುವ ಪ್ರಮಾಣದ ಮುಂದೆ ಕೀಲಿಗೆ ಕೊಡುವುದು ತೀರ ಕಡಿಮೆ ಎಂದೂ ಸೇರಿಸುತ್ತೇನೆ. ಎರಡನೆಯ ಮಾತಿಗಿಂತ ಮೊದಲನೆಯದೇ ಹೆಚ್ಚು ಕೆಲಸ ಮಾಡುವುದನ್ನು ಕಂಡಿದ್ದೇನೆ, ಏಕೆಂದು ಗೊತ್ತಿಲ್ಲ.

ಒಮ್ಮೆ ಸಿದ್ದಾಪುರದ ಕಡೆಯ ಒಬ್ಬ ಹೆಂಗಸಿಗೆ ಇದನ್ನು ಬರೆದೆ. ಐವತ್ತರ ಆಸುಪಾಸು, ನನ್ನನ್ನು ‘ತಮ್ಮಾ’ ಎಂದೇ ಕರೆಯುತ್ತಿದ್ದರು. ಚೀಟಿಯಲ್ಲಿ ವಾರಕ್ಕೊಮ್ಮೆ ಎಂಬುದನ್ನು ಇಂಗ್ಲಿಷಿನಲ್ಲಿ ಗೀಚಿದ್ದೆ. ಬಾಯಲ್ಲೂ ಹೇಳಿದ್ದೆ, ಆದರೆ ಹೊರಗೆ ಮೂವತ್ತು ಜನ ಕಾಯುತ್ತಿದ್ದ ಅವಸರದಲ್ಲಿ. ಅವರು ದಿನಾ ತೆಗೆದುಕೊಂಡರು. ಹತ್ತನೆಯ ದಿನ ಮಗ ಕರೆದುಕೊಂಡು ಬಂದಾಗ ಬಾಯಿ ತುಂಬ ಹುಣ್ಣು, ಗಂಜಿ ಕೂಡ ಇಳಿಯದು, ಬಿಳಿ ರಕ್ತಕಣಗಳು ಪಾತಾಳಕ್ಕಿಳಿದಿದ್ದವು. ಮೆಥೊಟ್ರೆಕ್ಸೇಟಿನ ವಿಷಕ್ಕೆ ಮದ್ದಾದ ಫೋಲಿನಿಕ್ ಆಸಿಡ್ ಶುರುಮಾಡಿ, ನೂರು ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಆಂಬುಲೆನ್ಸಿನಲ್ಲಿ ಕಳಿಸಿದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಬದುಕಿ ಬಂದರು. ಮೆಥೊಟ್ರೆಕ್ಸೇಟನ್ನು ಮತ್ತೆ ಮುಟ್ಟಲೊಲ್ಲೆ ಎಂದರು, ನಾನೂ ಒತ್ತಾಯಿಸಲಿಲ್ಲ. ಈ ರೋಗದ್ದೇ ಇನ್ನೊಂದು ಔಷಧಿ ಸಲ್ಫಾಸಲಜಿನ್ ಮೇಲೆ ಇದ್ದಾರೆ, ಅದು ಅವರಿಗೆ ಅಷ್ಟೇನೂ ಒಗ್ಗಿಲ್ಲ. ಬಂದಾಗಲೆಲ್ಲ ಅವರ ಬೆರಳುಗಳನ್ನು ನೋಡುವಾಗ ನನ್ನ ಅಕ್ಷರವೇ ಕಣ್ಣಿಗೆ ಬರುತ್ತದೆ.

ಅಂದಿನಿಂದ ಚೀಟಿಯಲ್ಲಿ ಕನ್ನಡದಲ್ಲಿ ವಾರದ ಹೆಸರನ್ನೇ ಬರೆದು ಸುತ್ತ ಚೌಕ ಹಾಕುತ್ತೇನೆ. ಯಾವ ವಾರ? ಸೋಮವಾರ ಕೆಲವರಿಗೆ ಉಪವಾಸ, ಶನಿವಾರ ಇನ್ನು ಕೆಲವರಿಗೆ. ಯಾರೂ ಮರೆಯದ ದಿನವೆಂದರೆ ಸಂತೆಯದು. ಶಿರಸಿಯ ಸುತ್ತಲಿನವರಿಗೆ ಮಂಗಳವಾರ. ಹದಿನೈದು ದಿನಕ್ಕೊಮ್ಮೆ ದೇವಿಮನೆ ಘಟ್ಟ ಇಳಿದು ಕುಮಟಾದಲ್ಲಿ ಕೂರುತ್ತೇನೆ, ಅಲ್ಲಿಯವರಿಗೆ ಬುಧವಾರ. ಸಂತೆಯಿಂದ ಮನೆಗೆ ಬಂದು, ಊಟ ಮಾಡಿ, ಗುಳಿಗೆ. ಮರುದಿನ, ಅದರ ಅಡ್ಡಪರಿಣಾಮ ತಗ್ಗಿಸಲು, ಫೋಲಿಕ್ ಆಸಿಡ್ ಎಂಬ ವಿಟಮಿನ್. ಉಳಿದ ದಿನ ಡಬ್ಬಿ ಮುಟ್ಟುವಂತಿಲ್ಲ. ಜ್ವರ ಬಂದ ವಾರ ಸಂತೆ ಇದ್ದರೂ ಗುಳಿಗೆ ಬೇಡ, ಮೊದಲು ಫೋನ್ ಮಾಡಿ. ಮಂಗನ ಕಾಯಿಲೆ, ಇಲಿಜ್ವರ ಇರುವ ಸೀಮೆಯಲ್ಲಿ ಇದನ್ನು ಪ್ರತಿಸಲವೂ ಹೇಳುತ್ತೇನೆ.

ಯಾರೋ ಊರೂರು ತಿರುಗಿ ಮಾರುವ ನೋವಿನ ಪುಡಿಯ ಪೊಟ್ಟಣಗಳನ್ನೂ ಮೇಜಿನ ಮೇಲೆ ಇಡಿಸುತ್ತೇನೆ. ದುಂಡಗಾದ ಮುಖ, ಮುಟ್ಟಿದರೆ ಕಪ್ಪಗಾಗುವ ತೆಳು ಚರ್ಮ ಕಂಡರೆ ಅದರಲ್ಲಿ ಸ್ಟೀರಾಯ್ಡ್ ಇರಬೇಕೆಂದು ಅನುಮಾನ. ಮೊದಮೊದಲು ಬೈಯುತ್ತಿದ್ದೆ. ಬೈಸಿಕೊಂಡವರು ಪುಡಿಯನ್ನು ಒಮ್ಮೆಲೇ ಬಿಟ್ಟು ಕುಸಿದು ಬೀಳುತ್ತಿದ್ದರು, ಇಲ್ಲವೇ ನನ್ನನ್ನು ಬಿಡುತ್ತಿದ್ದರು. ಈಗ ಬೈಯುವುದಿಲ್ಲ, ಮೆಲ್ಲಗೆ ಇಳಿಸುತ್ತೇನೆ.

2020ರ ಲಾಕ್‌ಡೌನಿನಲ್ಲಿ ಹೈಡ್ರಾಕ್ಸಿಕ್ಲೋರೊಕ್ವಿನ್ ಕೊರೋನಾ ಔಷಧಿಯೆಂದು ಸುದ್ದಿಯಾಗಿ ಅಂಗಡಿಗಳಿಂದ ಮಾಯವಾಯಿತು. ರಕ್ಷಣಾ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬೀಳುವ ಇನ್ನೊಂದು ರೋಗವಾದ ಲೂಪಸ್ ಇದ್ದ ಹುಡುಗಿಯರಿಗೆ ಅದು ನಿತ್ಯದ ಔಷಧಿ. ಒಂದೊಂದು ಸ್ಟ್ರಿಪ್ ಹುಡುಕಿ ಸಿಕ್ಕಸಿಕ್ಕ ತರಕಾರಿ ಗಾಡಿಯಲ್ಲಿ ಕಳಿಸುತ್ತಿದ್ದೆ. ಇದೇ ಗಡಿಬಿಡಿಯಲ್ಲಿರುವಾಗ ಒಬ್ಬ ಹಿರಿಯರು ಫೋನ್ ಮಾಡಿ, ಕೈ ಮತ್ತೆ ಊದಿಕೊಂಡಿದೆ ಎಂದರು. ಗುಳಿಗೆ ಮುಗಿದಿದೆಯೇ ಎಂದು ಕೇಳಿದೆ.

“ಬೇಕಾದಷ್ಟಿದೆ ಡಾಕ್ಟರೇ. ಮೂರು ವಾರದಿಂದ ಸಂತೆಯೇ ಇಲ್ಲವಲ್ಲ!”

ಈಗ ಚೌಕದೊಳಗೆ ಇನ್ನೊಂದು ಸಾಲು ಸೇರಿಸಿದ್ದೇನೆ: ‘ಮಂಗಳವಾರ. ಸಂತೆ ನಡೆಯಲಿ, ಬಿಡಲಿ.’